ಕಿರಿಕಿರಿಯಲ್ಲ, ಕದಡಿದ್ದು: ‘ವೆಕ್ಸ್’ ಪದಕ್ಕೆ ನಾನು ಕನ್ನಡ ಹುಡುಕಿದ ಬಗೆ

ಜೇನ್ ಆಸ್ಟಿನ್ನಳ ‘ಎಮ್ಮಾ’ ಕಾದಂಬರಿಯ ಮೊದಲ ವಾಕ್ಯವನ್ನು ನಾನು ಒಂದೇ ಸಂಜೆಯಲ್ಲಿ ಕನ್ನಡಕ್ಕೆ ತಂದೆ. ಅದು ತಪ್ಪು ಅನುವಾದ ಎಂದು ಗೊತ್ತಾಗಲು ಹನ್ನೊಂದು ತಿಂಗಳು ಬೇಕಾಯಿತು. ತಪ್ಪಿದ್ದು ಒಂದೇ ಪದ, ಆ ವಾಕ್ಯದ ಕೊನೆಯಲ್ಲಿ ಬರುವ ‘ವೆಕ್ಸ್’.

ವಾಕ್ಯದ ಹುರುಳು ಇಷ್ಟು: ಎಮ್ಮಾ ವುಡ್‌ಹೌಸ್ ಚೆಲುವೆ, ಜಾಣೆ, ಸಿರಿವಂತೆ, ನೆಮ್ಮದಿಯ ಮನೆ, ಸಂತೋಷದ ಸ್ವಭಾವ, ಹತ್ತಿರ ಹತ್ತಿರ ಇಪ್ಪತ್ತೊಂದು ವರ್ಷ ಬದುಕಿದ್ದಾಳೆ, ಅಷ್ಟು ಕಾಲದಲ್ಲಿ ಅವಳನ್ನು ‘ಡಿಸ್ಟ್ರೆಸ್’ ಮಾಡಿದ್ದಾಗಲಿ ‘ವೆಕ್ಸ್’ ಮಾಡಿದ್ದಾಗಲಿ ತೀರ ಕಡಮೆ. ನಾನು ಆ ಎರಡಕ್ಕೆ ‘ದುಃಖ’ ಎಂದೂ ‘ಕಿರಿಕಿರಿ’ ಎಂದೂ ಹಾಕಿದೆ. ಒಂದು ದೊಡ್ಡದು, ಒಂದು ಚಿಕ್ಕದು. ಓದಲು ಚೆನ್ನಾಗಿಯೇ ಇತ್ತು. ಮುಂದಕ್ಕೆ ಹೋದೆ.

ಆ ಪದದ ವಿಷಯದಲ್ಲಿ ನನಗೆ ಧೈರ್ಯವೂ ಇತ್ತು. ಶಿವಮೊಗ್ಗದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಆಸ್ಟಿನ್ನಳ ಇನ್ನೊಂದು ಕಾದಂಬರಿ, 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’, ಹಲವು ಸಲ ಹೇಳಿಕೊಟ್ಟಿದ್ದೆ. ಅದರ ಮೊದಲ ಅಧ್ಯಾಯದಲ್ಲೇ ಮಿಸೆಸ್ ಬೆನೆಟ್ ಗಂಡನ ಮೇಲೆ ದೂರು ಹೇಳುತ್ತಾಳೆ: ನನ್ನನ್ನು ವೆಕ್ಸ್ ಮಾಡುವುದೆಂದರೆ ನಿಮಗೆ ಆನಂದ, ನನ್ನ ಬಡಪಾಯಿ ನರಗಳ ಮೇಲೆ ನಿಮಗೆ ಕರುಣೆಯೇ ಇಲ್ಲ ಅಂತ. ಈ ಮಾತನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತಾರೆ ಎಂದು ಪ್ರತಿವರ್ಷ ಮಕ್ಕಳನ್ನು ಕೇಳುತ್ತಿದ್ದೆ. ಸಾಗರ, ಹೊಸನಗರದ ಕಡೆಯವರು ‘ನನ್ನ ಗೋಳು ಹುಯ್ಕೊಳ್ಳೋದು ಅಂದ್ರೆ ನಿಮಗೆ ಅದೆಂಥ ಖುಷಿಯೋ’ ಅನ್ನುತ್ತಿದ್ದರು. ರಾಣೆಬೆನ್ನೂರು ಕಡೆಯಿಂದ ಬಂದ ಹುಡುಗನೊಬ್ಬ ‘ನನಗ ತ್ರಾಸ ಕೊಡೂದಂದ್ರ ನಿಮಗ ಭಾಳ ಸಂತೋಷ’ ಅಂದಿದ್ದ. ಎರಡೂ ಒಪ್ಪುವಂಥವೇ. ‘ಗೋಳು ಹುಯ್ದುಕೊಳ್ಳು’ ನನಗೆ ಹೆಚ್ಚು ಹಿಡಿಸಿತು. ಅದರಲ್ಲಿ ಕೆಣಕುವವನ ಸುಖವೂ ಇದೆ, ಕೆಣಕಿಸಿಕೊಂಡವರ ಸಂಕಟವೂ ಇದೆ, ಇಬ್ಬರ ನಡುವಿನ ಹಳೆಯ ಸಲಿಗೆಯೂ ಇದೆ. ಹಾಗಾಗಿ, ಈ ಪದ ನನಗೆ ಗೊತ್ತು ಎಂದುಕೊಂಡೇ ‘ಎಮ್ಮಾ’ಕ್ಕೆ ಕೈ ಹಾಕಿದ್ದೆ.

ಹನ್ನೊಂದು ತಿಂಗಳ ಮೇಲೆ ಬಾಕ್ಸ್ ಹಿಲ್ ಬಂತು. ಬಾಕ್ಸ್ ಹಿಲ್ ಎಂಬುದು ಲಂಡನ್ನಿನ ದಕ್ಷಿಣಕ್ಕೆ ಸರ್ರೆಯಲ್ಲಿ ಇವತ್ತಿಗೂ ಜನ ಹತ್ತಿ ನೋಡುವ ಗುಡ್ಡ. ಕಾದಂಬರಿಯಲ್ಲಿ ಎಲ್ಲರೂ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಾರೆ. ಹೊತ್ತು ಹೋಗದೆ ಒಂದು ಆಟ ಶುರುವಾಗುತ್ತದೆ: ಒಬ್ಬೊಬ್ಬರೂ ಒಂದು ತೀರ ಜಾಣಮಾತು ಆಡಬೇಕು, ಇಲ್ಲವೆ ಎರಡು ಸಾಧಾರಣ ಮಾತು, ಅದೂ ಆಗದಿದ್ದರೆ ಮೂರು ಸಪ್ಪೆ ಮಾತು. ಮಿಸ್ ಬೇಟ್ಸ್ ಎಂಬ ಮದುವೆಯಾಗದ ಬಡ ಹೆಂಗಸು, ಬಾಯಿ ಬಿಟ್ಟರೆ ಮಾತು ನಿಲ್ಲಿಸಲು ಬಾರದವಳು, ಮೂರು ಸಪ್ಪೆ ಮಾತಾದರೆ ನನಗೆ ಸಲೀಸು ಎಂದು ಒಳ್ಳೆಯ ಮನಸ್ಸಿನಿಂದ ಹೇಳುತ್ತಾಳೆ. ಎಮ್ಮಾ ತಡೆಯಲಾರದೆ, ಕಷ್ಟವಿದೆ ಅಮ್ಮ, ಒಂದು ಸಲಕ್ಕೆ ಮೂರೇ ಎಂದು ಲೆಕ್ಕ ಇಟ್ಟಿದ್ದಾರಲ್ಲ ಎಂದುಬಿಡುತ್ತಾಳೆ. ಆ ಮಾತಿನ ಅರ್ಥ ಮಿಸ್ ಬೇಟ್ಸ್‌ಗೆ ಕೂಡಲೇ ಆಗುವುದಿಲ್ಲ. ಆದಾಗ ಅವಳು ಸಿಟ್ಟಾಗುವುದಿಲ್ಲ, ಮುಖ ಸ್ವಲ್ಪ ಕೆಂಪಾಗುತ್ತದೆ, ಅಷ್ಟೆ. ಹಳೆಯ ಸ್ನೇಹಿತೆಗೆ ಹೀಗೆ ಹೇಳಬೇಕಾದರೆ ನಾನು ಎಷ್ಟು ಬೇಸರ ತರಿಸಿರಬೇಕು ಎಂದು ತನ್ನನ್ನೇ ದೂರಿಕೊಳ್ಳುತ್ತಾಳೆ. ಈ ಪುಟವನ್ನು ಎಷ್ಟು ಸಲ ಓದಿದರೂ ನನಗೆ ಅಲ್ಲಿ ಗಂಟಲು ಕಟ್ಟುತ್ತದೆ.

ಹೊರಡುವ ಹೊತ್ತಿಗೆ, ಎಮ್ಮಾಳ ಮನೆಯವರ ಹಳೆಯ ಸ್ನೇಹಿತ ಮಿಸ್ಟರ್ ನೈಟ್ಲಿ ಅವಳನ್ನು ಗಾಡಿಯ ಹತ್ತಿರ ನಿಲ್ಲಿಸಿ, ನೀನು ಮಾಡಿದ್ದು ಸರಿಯಲ್ಲ ಎನ್ನುತ್ತಾನೆ. ಅವಳು ಬಡವಿ, ಹುಟ್ಟಿದಾಗ ಇದ್ದ ಸ್ಥಿತಿಯಿಂದ ಕೆಳಗೆ ಬಂದವಳು ಎನ್ನುತ್ತಾನೆ. ಗಾಡಿ ಹೊರಡುತ್ತದೆ. ದಾರಿಯುದ್ದಕ್ಕೂ ಎಮ್ಮಾಳ ಕೆನ್ನೆಯ ಮೇಲೆ ನೀರು ಇಳಿಯುತ್ತದೆ. ಅಲ್ಲಿ ಆಸ್ಟಿನ್ ಬರೆದ ವಾಕ್ಯ ಇದು: ಎಮ್ಮಾ ಹೇಳಿಕೊಳ್ಳಲಾಗದಷ್ಟು, ಹೆಚ್ಚು ಕಡಮೆ ಬಚ್ಚಿಡಲೂ ಆಗದಷ್ಟು, ‘ವೆಕ್ಸ್ಡ್’ ಆಗಿದ್ದಳು.

ಅದೇ ಪದ. ಮೊದಲ ವಾಕ್ಯದಲ್ಲಿ ಇವಳನ್ನು ವೆಕ್ಸ್ ಮಾಡಿದ್ದು ತೀರ ಕಡಮೆ ಎಂದಳು. ನಲವತ್ತಕ್ಕೂ ಹೆಚ್ಚು ಅಧ್ಯಾಯ ದಾಟಿಸಿ, ಆ ಹುಡುಗಿಯನ್ನು ಅಳಿಸಿ, ಅದೇ ಪದವನ್ನು ವಾಪಸು ತಂದು ನಿಲ್ಲಿಸಿದಳು. ನಾನು ಮಾತ್ರ ಅಲ್ಲಿಯವರೆಗೆ ‘ಕಿರಿಕಿರಿ’ ಎಂದು ಬರೆಯುತ್ತ ಬಂದಿದ್ದೆ.

ಆ ವಾರ ತೀರ್ಥಹಳ್ಳಿ ಹತ್ತಿರದ ನಮ್ಮ ಊರಿಗೆ ಹೋಗಿದ್ದೆ. ಬರೆದದ್ದನ್ನು ಅಮ್ಮನಿಗೆ ಓದಿ ಹೇಳುವುದು ನನ್ನ ರೂಢಿ. ಅಮ್ಮನಿಗೆ ಇಂಗ್ಲಿಷ್ ಬಾರದು, ಕಾದಂಬರಿ ಓದುವ ಹುಚ್ಚು ಮಾತ್ರ ಚಿಕ್ಕಂದಿನಿಂದಲೂ ಇದೆ. ಅಡಿಕೆ ಸುಲಿಯುತ್ತ ಕೂತಿದ್ದಳು. ‘ಹೇಳಿಕೊಳ್ಳಲಾಗದಷ್ಟು ಕಿರಿಕಿರಿಯಾಗಿತ್ತು’ ಎಂದು ಓದಿದೆ. ಅಮ್ಮ ಕೈ ನಿಲ್ಲಿಸಿದಳು.

‘ಅಲ್ಲ ಮಾರಾಯ್ತಿ, ಕಿರಿಕಿರಿ ಅಂದ್ರೆ ಚಪ್ಪಲಿ ಒಳಗೆ ಕಲ್ಲು ಸೇರಿದ ಹಾಗೆ. ಅದಕ್ಕೆ ಯಾರಾದ್ರೂ ದಾರಿ ಉದ್ದಕ್ಕೂ ಅಳ್ತಾರಾ?’

‘ಹಾಗಾದ್ರೆ ಎಂಥ ಅನ್ನಬೇಕಮ್ಮ?’

‘ಅದು ನನಗೆ ಹೇಗೆ ಗೊತ್ತು. ಅವಳಿಗೆ ಒಳಗೆ ಎಂಥ ಆಗ್ತಿದೆ ಅಂತ ನೀನೇ ನೋಡು.’

ಕಲ್ಲು ಚಪ್ಪಲಿಯೊಳಗಿದ್ದರೂ ಕಾಲಿನ ಹೊರಗೇ ಇರುತ್ತದೆ, ಕೊಡವಿದರೆ ಹೋಗುತ್ತದೆ. ಎಮ್ಮಾಳಿಗೆ ಆದದ್ದು ಕೊಡವಿದರೆ ಹೋಗುವಂಥದ್ದಲ್ಲ. ಅದನ್ನು ಮಾಡಿದವಳು ಅವಳೇ.

ಶಿವಮೊಗ್ಗಕ್ಕೆ ಬಂದು ಒಂದು ನೋಟ್‌ಬುಕ್ ತೆಗೆದೆ. ಕಾದಂಬರಿಯಲ್ಲಿ ಈ ಪದ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಗುರುತು ಹಾಕಿ, ಒಂದೊಂದು ಕಡೆಗೂ ಒಂದೊಂದು ಪುಟ ಕೊಟ್ಟೆ. ಪ್ರತಿ ಪುಟದಲ್ಲಿ ಒಂದೇ ಬಗೆಯ ವಿಚಾರಣೆ: ಈ ಪಾತ್ರವನ್ನು ಅಲುಗಿಸಿದ್ದು ಏನು, ಅದು ಹೊರಗಿನಿಂದ ಬಂದದ್ದೋ ತಾನೇ ಮಾಡಿಕೊಂಡದ್ದೋ, ಎಷ್ಟು ಹೊತ್ತಿಗೆ ಇಳಿಯಿತು. ಕೆಲವು ಕಡೆ ಬೇಗ ತೀರ್ಮಾನವಾಯಿತು. ಮಾತಿನ ಮಧ್ಯೆ ಉದ್ಗಾರವಾಗಿ ಬಂದಾಗ ‘ಛೇ, ಎಂಥ ಬೇಜಾರು’ ಸಾಕು. ಅಲ್ಲಿ ಪದ ಕೆದಕಬೇಕಾಗಿಲ್ಲ.

ಜೊತೆಗೆ ಪದದ ಹಿಂದೆಯೂ ಹೋದೆ. ‘ವೆಕ್ಸ್’ ಇಂಗ್ಲಿಷಿಗೆ ಬಂದದ್ದು 15ನೇ ಶತಮಾನದ ಹೊತ್ತಿಗೆ, ಫ್ರೆಂಚಿನ ಮೂಲಕ. ಮೂಲ ಲ್ಯಾಟಿನ್ನಿನ ‘ವೆಕ್ಸಾರೆ’. ಅದರ ಮೊದಲ ಅರ್ಥ ಸಿಟ್ಟೂ ಅಲ್ಲ, ಬೇಸರವೂ ಅಲ್ಲ: ಅಲುಗಾಡಿಸು, ಅತ್ತಿತ್ತ ಎಳೆದಾಡು, ಕುಲುಕು. ಹೊತ್ತೊಯ್ಯು ಎಂಬ ಅರ್ಥದ ಇನ್ನೊಂದು ಲ್ಯಾಟಿನ್ ಧಾತುವಿಗೂ ಇದಕ್ಕೂ ನಂಟು ಕಟ್ಟುತ್ತಾರೆ, ‘ವೆಹಿಕಲ್’ ಬಂದದ್ದು ಅದರಿಂದ. ಕೆಟ್ಟ ರಸ್ತೆಯಲ್ಲಿ ಗಾಡಿಯೊಳಗೆ ಕೂತವನ ಮೈ ಹೇಗೆ ಕುಲುಕುತ್ತದೋ ಹಾಗೆ.

ಇದು ಗೊತ್ತಾದ ಮೇಲೆ ಶೇಕ್ಸ್‌ಪಿಯರ್‌ನಲ್ಲಿ ಈ ಪದ ಪದೇ ಪದೇ ಕಡಲಿಗೆ ಅಂಟಿಕೊಂಡಿರುವುದು ಬೇರೆಯಾಗಿ ಕಾಣಿಸಿತು. ‘ಕಿಂಗ್ ಲಿಯರ್’ನಲ್ಲಿ ಕಾರ್ಡೀಲಿಯಾ ಬುದ್ಧಿ ಕೆಟ್ಟ ತಂದೆಯನ್ನು ವರ್ಣಿಸುತ್ತ, ವೆಕ್ಸ್ಡ್ ಕಡಲಿನಷ್ಟು ಹುಚ್ಚಾಗಿದ್ದಾನೆ, ಗಟ್ಟಿಯಾಗಿ ಹಾಡುತ್ತಿದ್ದಾನೆ, ತಲೆಗೆ ಕಳೆಗಿಡಗಳ ಕಿರೀಟ ಸುತ್ತಿಕೊಂಡಿದ್ದಾನೆ ಎನ್ನುತ್ತಾಳೆ. ‘ದಿ ಟೆಂಪೆಸ್ಟ್’ನಲ್ಲಿ ಏರಿಯಲ್ ಎಂಬ ಗಾಳಿಯ ಚೇತನ ಬರ್ಮುಡಾ ದ್ವೀಪಗಳನ್ನು ‘ಸ್ಟಿಲ್ ವೆಕ್ಸ್ಡ್’ ಎಂದು ಕರೆಯುತ್ತದೆ. ಅಲ್ಲಿ ‘ಸ್ಟಿಲ್’ ಎಂದರೆ ಈಗಿನ ಹಾಗೆ ‘ಇನ್ನೂ’ ಎಂದಲ್ಲ, ‘ಸದಾ’ ಎಂದು. ಸದಾ ಗಾಳಿಮಳೆಯ ಹೊಡೆತಕ್ಕೆ ಸಿಕ್ಕ ದ್ವೀಪಗಳು. ನಮ್ಮ ಊರಿನ ಕಡೆಯವರೇ ಆದ ಕುವೆಂಪು ಈ ನಾಟಕವನ್ನು ‘ಬಿರುಗಾಳಿ’ಯಾಗಿ ಕನ್ನಡಿಸಿದರು. ಆ ಹೆಸರು ಕೇಳಿದಾಗಲೆಲ್ಲ ನನಗೆ ಈಗ ಈ ಪದದ ನೆನಪಾಗುತ್ತದೆ. ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ನಲ್ಲೂ ಬಿರುಗಾಳಿಯನ್ನು ಆಯುಧವಾಗಿ ಹಿಡಿದ ಓರಿಯನ್ ನಕ್ಷತ್ರಪುಂಜ ಕೆಂಪು ಸಮುದ್ರದ ಕರಾವಳಿಯನ್ನು ವೆಕ್ಸ್ ಮಾಡುತ್ತದೆ. ಲಿಯರ್ ಸಾಯುವಾಗ ಕೆಂಟ್ ಆಡುವ ಮಾತಿನಲ್ಲಿ ಮಾತ್ರ ಕಡಲಿಲ್ಲ: ಅವನ ಜೀವವನ್ನು ವೆಕ್ಸ್ ಮಾಡಬೇಡಿ, ಹೋಗಲು ಬಿಡಿ. ಹೊರಟು ನಿಂತ ಜೀವವನ್ನು ಹಿಡಿದು ಅಲುಗಿಸಬೇಡಿ ಎಂದು ಬಿಡಿಸಿ ಓದಿದಾಗ ಆ ಸಾಲಿನ ಪೂರ್ತಿ ಭಾರ ಕೈಗೆ ಬರುತ್ತದೆ.

ಕೋರ್ಟಿನಲ್ಲೂ ಈ ಪದ ಬದುಕಿದೆ. 1908ರ ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 16ನೇ ನಿಯಮದ ಪ್ರಕಾರ, ವಾದಪತ್ರದಲ್ಲಿ ‘ವೆಕ್ಸೇಷಿಯಸ್’ ಆದ ಮಾತಿದ್ದರೆ ನ್ಯಾಯಾಲಯ ಅದನ್ನು ಹೊಡೆದುಹಾಕಬಹುದು. ಎದುರಾಳಿಗೆ ಬೇಸರವಾಯಿತು ಎಂಬುದಲ್ಲ ಅಲ್ಲಿನ ಅರ್ಥ, ಪೀಡಿಸಲೆಂದೇ ಎತ್ತಿದ ಮಾತು ಎಂದು. ಇನ್ನೊಂದು ಕೊನೆಯಲ್ಲಿ, ನೈಜೀರಿಯಾದಲ್ಲಿ ಆಡುವ ಪಿಜಿನ್ ಇಂಗ್ಲಿಷಿನಲ್ಲಿ ‘ನೋ ವೆಕ್ಸ್’ ಅನ್ನುತ್ತಾರೆ. ಲಾಗೋಸ್‌ನಲ್ಲಿ ಕೆಲವು ವರ್ಷ ಕೆಲಸಕ್ಕಿದ್ದ ನನ್ನ ತಮ್ಮ ಅದನ್ನು ಕೇಳಿದ ಮೊದಲ ದಿನವೇ ಅರ್ಥ ಮಾಡಿಕೊಂಡನಂತೆ. ನಾವು ತಡವಾಗಿ ಬಂದಾಗ, ಕಾಲು ತಗುಲಿದಾಗ ಹೇಳುವ ‘ಬೇಜಾರು ಮಾಡ್ಕೋಬೇಡಿ’ಯೇ ಅದು.

ಇಷ್ಟೆಲ್ಲ ಆದ ಮೇಲೂ ಎಮ್ಮಾಳಿಗೆ ಪದ ಸಿಕ್ಕಿರಲಿಲ್ಲ. ಕನ್ನಡದ ಪದಗಳನ್ನು ಒಂದೊಂದಾಗಿ ಬರೆದುಕೊಂಡು ಅವುಗಳ ಒಳಗಿನ ಚಿತ್ರ ಏನು ಎಂದು ನೋಡತೊಡಗಿದೆ. ರೇಗು, ಸಿಡುಕು, ಸಿಡಿಮಿಡಿ, ಉರಿದುಬೀಳು, ಹೊಟ್ಟೆ ಉರಿಸು, ಮೈಯೆಲ್ಲ ಉರಿ: ಇವು ಬೆಂಕಿಯ ಸುತ್ತಲಿನವು. ಕೆರಳು ಎನ್ನುವುದು ಹುಣ್ಣಿಗೆ ಹೇಳುವ ಮಾತು, ವಾಸಿಯಾಗುತ್ತಿದ್ದದ್ದು ಕೆರಳಿತು ಎನ್ನುತ್ತೇವೆ. ಕಾಡು, ಪೀಡಿಸು, ಸತಾಯಿಸು ಎಂದರೆ ಹೊರಗೆ ಒಬ್ಬ ಕಾಡುವವ ಇರಲೇಬೇಕು. ತಲೆ ತಿನ್ನು, ಜೀವ ಹಿಂಡು, ಪ್ರಾಣ ತಿನ್ನು, ಇವೂ ಹಾಗೆಯೇ. ರೋಸಿಹೋಗು ಬಂದರೆ ಸಹನೆ ಮುಗಿದಿರಬೇಕು, ಎಮ್ಮಾಳ ಸಹನೆ ಮುಗಿದಿರಲಿಲ್ಲ. ಬೇಸರ ಎಲ್ಲದಕ್ಕೂ ಸಲ್ಲುತ್ತದೆ, ಅದಕ್ಕೇ ಬಾಕ್ಸ್ ಹಿಲ್‌ನಲ್ಲಿ ನಿಲ್ಲುವುದಿಲ್ಲ.

ಆ ಪಟ್ಟಿ ಮುಂದಿಟ್ಟುಕೊಂಡಾಗಲೇ ನನಗೆ ಹೊಳೆದದ್ದು, ನಾನು ಬೆಂಕಿಯ ಪದಗಳ ನಡುವೆ ನೀರಿನ ಪದ ಹುಡುಕುತ್ತಿದ್ದೇನೆ ಎಂದು. ನೀರಿನದು ಎಂದೊಡನೆ ‘ಕ್ಷೋಭೆ’ ನೆನಪಾಯಿತು. ಕ್ಷುಬ್ಧ ಸಾಗರ, ಕ್ಷುಬ್ಧ ಮನಸ್ಸು, ಎರಡೂ ಸಲ್ಲುತ್ತವೆ. ಲ್ಯಾಟಿನ್ ಪದ ಹೋದ ದಾರಿಯಲ್ಲೇ ಸಂಸ್ಕೃತದ್ದೂ ಹೋಗಿದೆ. ಲಿಯರ್ ನಾಟಕವಾಗಿದ್ದರೆ ಕಣ್ಣು ಮುಚ್ಚಿ ಅದನ್ನೇ ಹಾಕುತ್ತಿದ್ದೆ. ಎಮ್ಮಾಳ ಬಾಯಿಗೂ ಮನೆಗೂ ಅದು ಒಗ್ಗಲಿಲ್ಲ. ಪತ್ರಿಕೆಗಳು ರಾಜಕೀಯ ಕ್ಷೋಭೆ ಎಂದು ಬರೆದು ಬರೆದು ಆ ಪದದಲ್ಲಿ ಈಗ ಗದ್ದಲವೇ ಹೆಚ್ಚು ಕೇಳಿಸುತ್ತದೆ. ಒಬ್ಬಳೇ ಹುಡುಗಿ ಗಾಡಿಯಲ್ಲಿ ಸದ್ದಿಲ್ಲದೆ ಅಳುವುದು ಅದರಲ್ಲಿ ಕೇಳಿಸುವುದಿಲ್ಲ.

ಮಳೆಗಾಲ ಹಿಡಿದ ಮೇಲೆ ಮತ್ತೆ ಊರಿಗೆ ಹೋದೆ. ರಾತ್ರಿಯಿಡೀ ಹೊಡೆದಿತ್ತು. ಬೆಳಿಗ್ಗೆ ಕೊಡ ತೆಗೆದುಕೊಂಡು ಬಾವಿಕಟ್ಟೆಗೆ ಹೊರಟಾಗ ಅಮ್ಮ ಒಳಗಿನಿಂದಲೇ ಕೂಗಿದಳು, ‘ಈಗ ಸೇದಬೇಡ್ವೇ, ನೀರು ಕದಡಿದೆ. ಮಧ್ಯಾಹ್ನದ ಹೊತ್ತಿಗೆ ತಿಳಿಯಾಗ್ತದೆ, ಆಮೇಲೆ ಸೇದು.’

ಕೊಡ ಕಟ್ಟೆಯ ಮೇಲಿಟ್ಟು ಅಲ್ಲೇ ನಿಂತೆ. ಕದಡು. ನೀರಿಗೂ ಹೇಳುತ್ತೇವೆ, ಮನಸ್ಸಿಗೂ ಹೇಳುತ್ತೇವೆ. ‘ಅವನ ಮಾತು ಕೇಳಿ ಮನಸ್ಸು ಕದಡಿಹೋಯಿತು’ ಎಂದು ನಾನೇ ಎಷ್ಟು ಸಲ ಹೇಳಿದ್ದೇನೆ. ಅದಕ್ಕೆ ಹೊರಗಿನ ಶತ್ರು ಬೇಕಿಲ್ಲ, ತಳದಲ್ಲಿ ಮೊದಲೇ ಇದ್ದ ಕೆಸರು ಎದ್ದರೆ ಸಾಕು. ಬಾಕ್ಸ್ ಹಿಲ್‌ನಲ್ಲಿ ಎಮ್ಮಾಳ ಒಳಗೆ ಎದ್ದದ್ದು ಅದೇ: ತನ್ನ ಬಗ್ಗೆ ತಾನು ಸ್ವಲ್ಪ ಹೆಚ್ಚೇ ಒಳ್ಳೆಯದಾಗಿ ಎಣಿಸುವ ಗುಣ, ಆಸ್ಟಿನ್ ಮೊದಲ ಅಧ್ಯಾಯದಲ್ಲೇ ಹೆಸರಿಸಿ ಇಟ್ಟದ್ದು.

ಅಮ್ಮನ ಮಾತಿನ ಎರಡನೆಯ ಪದ ಇನ್ನೂ ದೊಡ್ಡ ಉಪಕಾರ ಮಾಡಿತು. ಕನ್ನಡದಲ್ಲಿ ಕದಡಿದ ನೀರು ‘ತಿಳಿ’ಯಾಗುತ್ತದೆ, ಗೊತ್ತಿಲ್ಲದ ವಿಷಯವೂ ‘ತಿಳಿ’ಯುತ್ತದೆ. ನೀರು ನಿಚ್ಚಳವಾಗುವುದಕ್ಕೂ ಮನುಷ್ಯನಿಗೆ ಅರಿವಾಗುವುದಕ್ಕೂ ನಮ್ಮಲ್ಲಿ ಒಂದೇ ಪದ. ಇದನ್ನು ಸುಮಾರು 1100ರ ಹೊತ್ತಿನ ನಾಗಚಂದ್ರ ಎಂದೋ ಕಂಡಿದ್ದ. ಅವನ ರಾಮಾಯಣದಲ್ಲಿ ಸೀತೆಯ ನಿಷ್ಠೆಯನ್ನು ಕಂಡ ರಾವಣನ ಮನಸ್ಸು ತಿರುಗುವ ಗಳಿಗೆಗೆ ಅವನು ಹಿಡಿದದ್ದು ಇದೇ ಹೋಲಿಕೆ: ‘ಕದಡಿದ ಸಲಿಲಂ ತಿಳಿವಂದದೆ’, ಕದಡಿದ ನೀರು ತಿಳಿಯಾಗುವ ಹಾಗೆ. ಯಾರೂ ಬಂದು ತಿಳಿಗೊಳಿಸಲಿಲ್ಲ, ತನ್ನಿಂದ ತಾನೇ ಆಯಿತು ಎನ್ನುತ್ತಾನೆ. ಈ ಪದ್ಯವನ್ನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ಸರ್ರೆಯ ಒಂದು ಗುಡ್ಡದ ಮೇಲಿನ ಹುಡುಗಿಗೆ ಅದು ಹೀಗೆ ಒದಗಿಬಂದೀತು ಎಂದು ಅಂದುಕೊಂಡಿರಲಿಲ್ಲ.

ಪದ ಸಿಕ್ಕಿತೆಂದು ಎಲ್ಲ ಕಡೆಯೂ ಅದನ್ನೇ ತುಂಬಲಿಲ್ಲ. ಮೂರು ಜಾಗದಲ್ಲಿ ಮಾತ್ರ ಬಿಗಿಯಾಗಿ ಹಿಡಿದೆ. ಬಾಕ್ಸ್ ಹಿಲ್ ಒಂದು. ಎಂಟನೆಯ ಅಧ್ಯಾಯದ ಜಗಳ ಇನ್ನೊಂದು. ಹ್ಯಾರಿಯೆಟ್ ಎಂಬ ಹುಡುಗಿ ರೈತ ಮಾರ್ಟಿನ್‌ನನ್ನು ಬೇಡವೆನ್ನುವಂತೆ ಎಮ್ಮಾ ಮಾಡಿದ್ದಾಳೆ, ಅದು ಗೊತ್ತಾಗಿ ನೈಟ್ಲಿ ಎದ್ದು ಹೋಗುತ್ತಾನೆ. ಅವನು ತುಂಬ ವೆಕ್ಸ್ ಆಗಿದ್ದ ಎಂದು ಆಸ್ಟಿನ್ ಹೇಳುತ್ತಾಳೆ. ಹಿಂದೆಯೇ, ಎಮ್ಮಾಳಿಗೂ ವೆಕ್ಸೇಷನ್ ಇತ್ತು, ಆದರೆ ಅವಳದರ ಕಾರಣಗಳು ಅವನದರಷ್ಟು ಸ್ಪಷ್ಟವಾಗಿರಲಿಲ್ಲ ಎನ್ನುತ್ತಾಳೆ. ಮೊದಲ ಕರಡಿನಲ್ಲಿ ಇದನ್ನು ‘ಅವನಿಗೆ ಸಿಟ್ಟು ಬಂದಿತ್ತು, ಎಮ್ಮಾಳಿಗೂ ಅಸಮಾಧಾನವಾಗಿತ್ತು’ ಎಂದು ಬರೆದಿದ್ದೆ. ಹಾಗೆ ಬರೆದಾಗ ಎರಡು ಮನಸ್ಸುಗಳು ಬೇರೆ ಬೇರೆಯಾಗಿಬಿಡುತ್ತವೆ, ಇಬ್ಬರೂ ಒಂದೇ ಅಲೆಯಲ್ಲಿ ಅಲುಗಿದರು ಎಂಬುದು ಕಳೆದುಹೋಗುತ್ತದೆ. ಈಗ ಅದು ಹೀಗಿದೆ: ‘ಅವನ ಮನಸ್ಸು ತೀರ ಕದಡಿತ್ತು. ಎಮ್ಮಾಳ ಮನಸ್ಸೂ ಕದಡಿಯೇ ಇತ್ತು; ಆದರೆ ಯಾತಕ್ಕೆ ಎಂಬುದು ಅವನಿಗೆ ತಿಳಿದಷ್ಟು ತಿಳಿಯಾಗಿ ಅವಳಿಗೆ ತಿಳಿದಿರಲಿಲ್ಲ.’ ತಿಳಿ ಮೂರು ಸಲ ಬಂತೆಂದು ಒಬ್ಬ ಸ್ನೇಹಿತೆ ಆಕ್ಷೇಪಿಸಿದಳು. ಬೇಕೆಂದೇ ಇಟ್ಟುಕೊಂಡಿದ್ದೇನೆ.

ಮೂರನೆಯದು, ಎಲ್ಲಕ್ಕೂ ಕಷ್ಟವಾದದ್ದು, ಮೊದಲ ವಾಕ್ಯ. ಇಂಗ್ಲಿಷಿನಲ್ಲಿ ‘ವೆಕ್ಸ್ ಹರ್’ ಕೊನೆಯಲ್ಲಿ ಕೂತಿದೆ, ಓದುಗನ ಕಿವಿಯಲ್ಲಿ ಉಳಿಯುವುದು ಅದು. ಕನ್ನಡದ ಸಹಜ ಜೋಡಣೆಯಲ್ಲಿ ‘ತೀರ ಕಡಮೆ’ ಕೊನೆಗೆ ಬಂದು ಕೂರುತ್ತದೆ, ಕದಡುವುದು ನಡುವೆ ಹುದುಗಿಹೋಗುತ್ತದೆ. ಇಲ್ಲಿ ಕದಡುವುದು ಕಿವಿಗೆ ಬೀಳದಿದ್ದರೆ ಬಾಕ್ಸ್ ಹಿಲ್‌ನಲ್ಲಿ ಅದು ವಾಪಸು ಬಂದದ್ದು ಓದುಗರಿಗೆ ಗೊತ್ತಾಗುವುದಿಲ್ಲ. ಬರೆದು ಹೊಡೆದು, ಗಟ್ಟಿಯಾಗಿ ಓದಿ, ಕೊನೆಗೆ ನಿಂತದ್ದು ಇದು: ‘ಎಮ್ಮಾ ವುಡ್‌ಹೌಸ್ ಚೆಲುವೆ, ಜಾಣೆ, ಸಿರಿವಂತೆ. ನೆಮ್ಮದಿಯ ಮನೆ, ಗೆಲುವಿನ ಸ್ವಭಾವ. ಬಾಳಿನ ಒಳ್ಳೊಳ್ಳೆಯ ವರಗಳಲ್ಲಿ ಕೆಲವಾದರೂ ಅವಳೊಬ್ಬಳಲ್ಲಿ ಕೂಡಿಬಂದ ಹಾಗಿತ್ತು. ಈ ಲೋಕದಲ್ಲಿ ಅವಳು ಕಳೆದ ಹತ್ತಿರ ಹತ್ತಿರ ಇಪ್ಪತ್ತೊಂದು ವರ್ಷಗಳಲ್ಲಿ ತೀರ ಅಪರೂಪಕ್ಕೊಮ್ಮೆ ಏನಾದರೂ ಅವಳನ್ನು ನೋಯಿಸಿತ್ತು, ಇಲ್ಲವೆ ಅವಳ ಮನಸ್ಸನ್ನು ಕದಡಿತ್ತು.’

ಇದರಲ್ಲಿ ಒಂದು ನಷ್ಟವಿದೆ. ಆಸ್ಟಿನ್ನಳ ಉದ್ದ ವಾಕ್ಯ ನಾಲ್ಕಾಗಿ ಒಡೆದಿದೆ, ‘ವೆಕ್ಸ್’ನಲ್ಲಿ ಇದ್ದ ಹಗುರವೂ ಸ್ವಲ್ಪ ಹೋಗಿದೆ. ಅಲ್ಲಿ ‘ಕಿರಿಕಿರಿ’ ಇದ್ದಾಗ ಓದುಗರ ತುಟಿಯ ಮೇಲೆ ಬರುತ್ತಿದ್ದ ನಗು ಈಗ ಬರುವುದಿಲ್ಲ. ತೂಗಿ ನೋಡಿ, ಆ ನಗುವಿಗಿಂತ ಬಾಕ್ಸ್ ಹಿಲ್‌ನ ಕಣ್ಣೀರು ನನಗೆ ಮುಖ್ಯ ಎಂದು ತೀರ್ಮಾನಿಸಿದೆ. ಹಗುರವನ್ನು ಆಸ್ಟಿನ್ ಬೇರೆ ನೂರು ಕಡೆ ಕೊಡುತ್ತಾಳೆ.

ತಿದ್ದಿದ ಅಧ್ಯಾಯ ತೆಗೆದುಕೊಂಡು ಹೋಗಿ ಅಮ್ಮನಿಗೆ ಮತ್ತೆ ಓದಿದೆ. ‘ಹೇಳಿಕೊಳ್ಳಲಾಗದಷ್ಟು, ಹೆಚ್ಚು ಕಡಮೆ ಬಚ್ಚಿಡಲೂ ಆಗದಷ್ಟು, ಅವಳ ಮನಸ್ಸು ಕದಡಿಹೋಗಿತ್ತು. ಇಷ್ಟು ತಳಮಳ, ಇಷ್ಟು ನಾಚಿಕೆ, ಇಷ್ಟು ದುಃಖ ಅವಳಿಗೆ ಬದುಕಿನಲ್ಲಿ ಎಂದೂ ಆಗಿರಲಿಲ್ಲ.’ ಈ ಸಲ ಪದದ ಬಗ್ಗೆ ಅಮ್ಮ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, ‘ಅವಳು ಮಾರನೇ ದಿನ ಆ ಹೆಂಗಸಿನ ಮನೆಗೆ ಹೋದಳೇನೇ?’

‘ಹೋದಳಮ್ಮ. ಬೆಳಿಗ್ಗೆಯೇ ಹೋದಳು.’

‘ಬಾಗಿಲು ತೆಗೆದ್ರಾ?’

ಮುಂದಿನ ಅಧ್ಯಾಯ ಇನ್ನೂ ಇಂಗ್ಲಿಷಿನಲ್ಲೇ ಇತ್ತು. ಪುಸ್ತಕ ತೆರೆದು, ಒಂದೊಂದೇ ವಾಕ್ಯ ನೋಡಿಕೊಂಡು, ಬಾಯಲ್ಲೇ ಕನ್ನಡ ಮಾಡುತ್ತ ಹೇಳಿದೆ.